ಹಸುರು ಮೇಜಿನ ಎರಡು ವಿದ್ಯೆಗಳು

1875ರ ಮಳೆಗಾಲದಲ್ಲಿ ಜಬಲಪುರದ ಸೈನ್ಯಾಧಿಕಾರಿಗಳ ವಿರಾಮಗೃಹದಲ್ಲಿ ಹುಟ್ಟಿದ ಸ್ನೂಕರ್, ಬೆಳಗಾವಿಯಂತಹ ದಂಡಿನ ಊರಿಗೆ ಪರಕೀಯವೆನಿಸುವ ಆಟವಲ್ಲ. ಖಾನಾಪುರದ ಕಾಡುಗಳ ಮೇಲಿಂದ ಬೀಸುವ ಆಷಾಢದ ತೇವವು ಮೇಜಿನ ಬಟ್ಟೆಗಿಳಿದು ಚೆಂಡಿನ ಗತಿಯನ್ನು ಕುಗ್ಗಿಸುವ ಬಗೆಯನ್ನು ಬಲ್ಲವರಿಗೆ, ಬೆಂಗಳೂರಿನ ಪಂಕಜ್ ಅಡ್ವಾಣಿಯವರ ಸಾಧನೆಯ ತೂಕವು ಇನ್ನಷ್ಟು ಚೆನ್ನಾಗಿ ತಿಳಿದೀತು. ಅರವಿಂದ ಸವೂರರ ಶಿಕ್ಷಣದಲ್ಲಿ ಪಳಗಿ, 2003ರಲ್ಲಿ, ಹದಿನೆಂಟರ ಪ್ರಾಯದಲ್ಲಿಯೇ, ಚೀನಾದಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿಯನ್ನು ಗೆದ್ದ ಅವರು, 2012ರಲ್ಲಿ ವೃತ್ತಿಪರರ ಪಂಕ್ತಿಯನ್ನು ಸೇರಿ, ಕೆಳಗಿನಿಂದ ಕಾಯಿಸಿ ಒಣಗಿಸಿದ ಬ್ರಿಟನ್ನಿನ ಮೇಜುಗಳ ಶೀಘ್ರಗತಿಗೆ ಕೈಯನ್ನೊಗ್ಗಿಸಿಕೊಂಡು, ಮರುವರ್ಷವೇ ವೆಲ್ಷ್ ಓಪನ್ ಸ್ಪರ್ಧೆಯ ಕ್ವಾರ್ಟರ್ ಫೈನಲನ್ನು ಮುಟ್ಟಿದರು.

2014ರಲ್ಲಿ, ತಮ್ಮ ಇನ್ನೊಂದು ಆಟವಾದ ಬಿಲಿಯರ್ಡ್ಸಿಗೆ ಗಮನಕೊಡಲೆಂದು, ಆ ವೃತ್ತಿಯನ್ನು ಅವರು ತೊರೆದುದು ನನಗೆ ವಿವೇಕವೆಂದೇ ತೋರುತ್ತದೆ. ಮೂರೇ ಚೆಂಡುಗಳ ಬಿಲಿಯರ್ಡ್ಸ್ ಮುಖ್ಯವಾಗಿ ಸ್ಪರ್ಶದ ವಿದ್ಯೆ; ಇಪ್ಪತ್ತೆರಡು ಚೆಂಡುಗಳ ಸ್ನೂಕರ್ ನಿಷ್ಠುರವಾದ ಗುರಿಯ ವಿದ್ಯೆ; ಒಂದರಲ್ಲಿ ನುರಿತ ಕೈ ಇನ್ನೊಂದರಲ್ಲಿ ತಡವರಿಸುವುದೇ ಸಾಮಾನ್ಯವಾಗಿರುವಾಗ, ಎರಡನ್ನೂ ಸಮನಾಗಿ ವಶಪಡಿಸಿಕೊಂಡು, ಬಿಳಿಯ ಚೆಂಡನ್ನು ಮುಂದಿನ ಹೊಡೆತಕ್ಕೆ ತಕ್ಕ ತಾಣದಲ್ಲಿಯೇ ತಂದು ನಿಲ್ಲಿಸುವ ಈ ನೈಪುಣ್ಯಕ್ಕೆ ಸಮಾನವಾದುದನ್ನು ನಾನು ಕಂಡಿಲ್ಲ. ಅದೇ ವರ್ಷ ಲೀಡ್ಸ್ ನಗರದಲ್ಲಿ ಬಿಲಿಯರ್ಡ್ಸಿನ ಅಂಕಮಿತಿ, ಕಾಲಮಿತಿಗಳೆರಡರ ವಿಶ್ವಪ್ರಶಸ್ತಿಗಳನ್ನೂ ಗೆದ್ದು, 2015ರಲ್ಲಿಯೂ 2017ರಲ್ಲಿಯೂ ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿಯನ್ನು ಮರಳಿ ತಮ್ಮದಾಗಿಸಿಕೊಂಡರು.