ಸೆನೆಕಾದ ಬಿಳಿ ಜಿಂಕೆಗಳು

ನ್ಯೂಯಾರ್ಕ್ ರಾಜ್ಯದ ಸೆನೆಕಾ ಕೌಂಟಿಯಲ್ಲಿ, ಹಳೆಯ ಸೇನಾ ಶಸ್ತ್ರಾಗಾರದ ಬೇಲಿಯೊಳಗೆ, ಹಾಲುಬಿಳುಪಿನ ಜಿಂಕೆಗಳಿವೆ. ಎಂಥ ಚೆಲುವು! ಕಂದು ತಾಯಿಯ ಕೆಚ್ಚಲಿಗೆ ಬಾಯಿಟ್ಟ ಅಚ್ಚ ಬಿಳಿ ಮರಿಯನ್ನು ಎಷ್ಟು ನೋಡಿದರೂ ಸಾಲದು. ಮರಿಯ ಕಣ್ಣು ಮಾತ್ರ ಕಂದೇ. ಆಲ್ಬಿನೋ ಆಗಿದ್ದರೆ ಅದು ಗುಲಾಬಿಯಾಗಿರುತ್ತಿತ್ತು. ಇವು ಬೇರೆ ಜಾತಿಯವೇನಲ್ಲ, ಅಲ್ಲಿನ ಸಾಮಾನ್ಯ ಬಿಳಿಬಾಲದ ಜಿಂಕೆಗಳೇ. ಕೂದಲಿಗೆ ಬಣ್ಣ ಸೇರಗೊಡದ ವಂಶವಾಹಿ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮರಿ ಬೆಳ್ಳಗಾಗುತ್ತದೆ; ಹಾಗಾಗಿ ಕಂದು ಜೋಡಿಗೂ ಬಿಳಿ ಮರಿ ಹುಟ್ಟಬಹುದು.

ತೆರೆದ ಕಾಡಿನಲ್ಲಿ ಈ ಬಿಳುಪು ದೂರಕ್ಕೇ ಎದ್ದು ಕಂಡು ಪ್ರಾಣಕ್ಕೆ ಎರವಾಗುತ್ತದೆ. ಇಲ್ಲಿ 1941ರಲ್ಲಿ ಎದ್ದ ಬೇಲಿ ಕಾಪಾಡಿತು. ಸೇನೆಯವರೂ ಬಿಳಿಯವನ್ನು ಬಿಟ್ಟು ಕಂದು ಜಿಂಕೆಗಳನ್ನಷ್ಟೇ ಬೇಟೆಯಾಡಿದರು. ಬಿಳಿ ಹಿಂಡು ಬೆಳೆದದ್ದು ಹಾಗೆ.