ತನ್ನನ್ನು ತಾನೇ ವಿವರಿಸಿಕೊಳ್ಳುವ ತಂತ್ರಾಂಶ: ಈಮ್ಯಾಕ್ಸ್

ಕವಿತೆ, ಕಾದಂಬರಿಗಳಿಗೆ ಮೀಸಲಾದ ವಿಮರ್ಶೆಯ ಪುಟವನ್ನು ನಾವು ಈ ಸಲ ಒಂದು ಗಣಕ ತಂತ್ರಾಂಶಕ್ಕೆ ಬಿಟ್ಟುಕೊಡುತ್ತಿದ್ದೇವೆ. ಸಂಘದ ಹಿರಿಯರು ಕ್ಷಮಿಸಬೇಕು. ಈಮ್ಯಾಕ್ಸ್ ಎಂಬುದು ಪ್ರೋಗ್ರಾಂ ರಚಿಸುವವರ ಪಠ್ಯ ಸಂಪಾದಕ. ಅದರಲ್ಲಿ ಬರೆಯಬಹುದು ಮಾತ್ರವಲ್ಲ, ಅದನ್ನೇ ಓದಲೂಬಹುದು. ಓದಲು ಬರುವುದೆಲ್ಲವೂ ವಿಮರ್ಶೆಗೆ ಅರ್ಹವೆಂಬುದು ನಮ್ಮ ಎಣಿಕೆ.

ಇದು 1976ರಲ್ಲಿ ಅಮೆರಿಕದ ಎಂ.ಐ.ಟಿ.ಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಹುಟ್ಟಿತು. ರಿಚರ್ಡ್ ಸ್ಟಾಲ್ಮನ್ನರು ಅದನ್ನು ಹೊಸದಾಗಿ ಬರೆದ ಗ್ನು ಈಮ್ಯಾಕ್ಸ್ 1985ರಲ್ಲಿ ಹೊರಬಂದಿತು. ಅದರ ಬಹುಭಾಗ ಲಿಸ್ಪ್ ಭಾಷೆಯ ಒಂದು ಪ್ರಭೇದದಲ್ಲಿದೆ. ‘ಕೃತಕ ಬುದ್ಧಿಮತ್ತೆ’ ಎಂಬ ಹೆಸರನ್ನು 1955ರಲ್ಲಿ ಚಲಾವಣೆಗೆ ತಂದ ಜಾನ್ ಮೆಕಾರ್ಥಿಯವರೇ 1958ರಲ್ಲಿ ಲಿಸ್ಪ್ ಭಾಷೆಯನ್ನು ರೂಪಿಸಿದರು. ಎ.ಐ. ಬಂದ ಮೇಲೆ ಈಮ್ಯಾಕ್ಸ್ ಹಳತಾಯಿತೆನ್ನುವವರು ಇವೆರಡೂ ಒಂದೇ ಮನೆತನದವೆಂಬುದನ್ನು ಮರೆತಿದ್ದಾರೆ.

ಅದರ ದೊಡ್ಡ ಗುಣವೊಂದಿದೆ. ಕಂಟ್ರೋಲ್ ಕೀಲಿಯೊಡನೆ ಎಚ್, ಬಳಿಕ ಕೆ ಒತ್ತಿ, ಮತ್ತಾವುದೇ ಕೀಲಿಯನ್ನು ಒತ್ತಿದರೆ, ಆ ಕೀಲಿ ಮಾಡುವ ಕೆಲಸವೇನೆಂದು ಅದು ತಾನೇ ಹೇಳುತ್ತದೆ. ಆ ಕೆಲಸವನ್ನು ಬರೆದ ಮೂಲ ಸಾಲುಗಳಿಗೂ ದಾರಿ ತೋರಿಸುತ್ತದೆ. ಆ ಸಾಲುಗಳನ್ನು ಅಲ್ಲೇ ತಿದ್ದಿ ಜಾರಿಗೊಳಿಸಿದರೆ, ತಂತ್ರಾಂಶವನ್ನು ಮುಚ್ಚದೆಯೇ ಅದರ ನಡತೆ ಬದಲಾಗುತ್ತದೆ. ಉತ್ತರದೊಡನೆ ಲೆಕ್ಕದ ಹಂತಗಳನ್ನೂ ಬರೆದ ಹುಡುಗನ ಪತ್ರಿಕೆ ತಿದ್ದುವಾಗ ನಮಗಾಗುತ್ತಿದ್ದ ಸಂತೋಷವೇ ಇಲ್ಲಿಯೂ ಆಯಿತು. ಅದರಲ್ಲಿ ಹಲವು ಭಾಷೆಗಳ ವಂದನೆಗಳ ಪಟ್ಟಿಯೊಂದಿದೆ. ಮಲಯಾಳಂ, ತಮಿಳುಗಳ ಜೊತೆ ಕನ್ನಡದ ‘ನಮಸ್ಕಾರ’ವೂ ಅಲ್ಲಿದೆ. ಗಡಿಯಲ್ಲಿ ಬಾಳಿದವರಿಗೆ ಆ ಸಾಲು ಕಂಡರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ.

ದೋಷಗಳೂ ಸಣ್ಣವಲ್ಲ. ಲೋಕವೆಲ್ಲ ‘ವಿಂಡೋ’ ಎನ್ನುವುದನ್ನು ಅದು ‘ಫ್ರೇಮ್’ ಎನ್ನುತ್ತದೆ. ಆ ಫ್ರೇಮಿನೊಳಗಿನ ವಿಭಾಗಕ್ಕೆ ‘ವಿಂಡೋ’ ಎನ್ನುತ್ತದೆ. ಪಠ್ಯವನ್ನು ಕತ್ತರಿಸುವುದಕ್ಕೆ ಅಲ್ಲಿ ‘ಕಿಲ್’ ಎಂದು ಹೆಸರು. ಹೊಸಬರಿಗೆ ಇದು ಕಬ್ಬಿಣದ ಕಡಲೆ. ಹಳೆಯ ಬಳಕೆದಾರರು ಈ ಕಷ್ಟವನ್ನೇ ಹೆಮ್ಮೆಯಾಗಿ ಹೇಳಿಕೊಳ್ಳುವುದು ನಮಗೆ ರುಚಿಸಲಿಲ್ಲ.

ಈಗ ಎ.ಐ. ಆ ಕಷ್ಟವನ್ನು ಕಳೆದಿದೆ. ಬೇಕಾದುದನ್ನು ಮಾತಿನಲ್ಲಿ ಹೇಳಿದರೆ ಲಿಸ್ಪ್ ಸಾಲುಗಳು ಸಿದ್ಧ. ಜಿಪಿಟೆಲ್ ಎಂಬ ಪೂರಕದ ಮೂಲಕ ಈ ಸಂಭಾಷಣೆ ಈಮ್ಯಾಕ್ಸಿನೊಳಗೇ ನಡೆಯುತ್ತದೆ. ನಮ್ಮ ಮೊಮ್ಮಗ ಹೀಗೆ ಹನ್ನೆರಡು ಸಾಲು ಬರೆಸಿಕೊಂಡ, ಕೆಲಸವೂ ಆಯಿತು. “ನಾಲ್ಕನೆಯ ಸಾಲು ಏನು ಮಾಡುತ್ತದೆ, ಮಗೂ?” ಎಂದು ಕೇಳಿದೆವು. “ಗೊತ್ತಿಲ್ಲ ಅಜ್ಜ, ಆದರೆ ನಡೀತದೆ” ಎಂದ. ಆ ಮಾತು ನಮ್ಮನ್ನು ಚುಚ್ಚಿತು. ಮನೆಪಾಠವನ್ನು ನಕಲು ಮಾಡಿ ತಂದ ಮಕ್ಕಳೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿದ್ದರು. ಇಬ್ಬರೂ ಕುಳಿತು ಒಂದೊಂದು ಪದವನ್ನೂ ಈಮ್ಯಾಕ್ಸಿಗೇ ಕೇಳಿದೆವು. ಅರ್ಧ ಗಂಟೆ ಹಿಡಿಯಿತು. ನಾಲ್ಕನೆಯ ಸಾಲು ಬೇಕಾಗಿಯೇ ಇರಲಿಲ್ಲ; ಅವನೇ ಅಳಿಸಿದ.

ಬರೆದುಕೊಟ್ಟ ಯಂತ್ರವನ್ನು ಹೀಗೆ ಬಿಚ್ಚಿ ನೋಡಲಾಗದು. ಅದರ ತಿಳಿವು ಕೋಟ್ಯಂತರ ಸಂಖ್ಯೆಗಳಲ್ಲಿ ಹುದುಗಿದೆ. ಕಾರಣ ಕೇಳಿದರೆ ಸಿಗುವುದು ಅದು ಹೆಣೆದ ಮತ್ತೊಂದು ವಾಕ್ಯ. ಆದುದರಿಂದ ಎ.ಐ. ಬರೆದದ್ದನ್ನು ಪರೀಕ್ಷಿಸುವ ಮೇಜಾಗಿ ಈಮ್ಯಾಕ್ಸಿನ ಬೆಲೆ ಈಗ ಹೆಚ್ಚಿದೆಯೆಂಬುದೇ ನಮ್ಮ ತೀರ್ಮಾನ.

ಆದರೂ ಎ.ಐ.ಯ ಉಪಕಾರವನ್ನು ಮರೆಯುವಂತಿಲ್ಲ. ಈಮ್ಯಾಕ್ಸಿನ ಕಲಿಕಾ ಪಾಠ ಅನೇಕ ಭಾಷೆಗಳಲ್ಲಿದೆ; ನಮ್ಮ ಪ್ರತಿಯಲ್ಲಿ ಕನ್ನಡದ್ದು ಇರಲಿಲ್ಲ. ನಮಸ್ಕಾರ ಹೇಳಿ ಬಾಗಿಲಲ್ಲೇ ನಿಲ್ಲಿಸಿದಂತೆ! ಮೊಮ್ಮಗ ಅದನ್ನು ಎ.ಐ.ಯಿಂದ ಕನ್ನಡಿಸಿ ತಂದ. ವಾಕ್ಯಗಳು ತಕ್ಕಮಟ್ಟಿಗಿವೆ, ಆದರೆ “ಈ ಸಾಲನ್ನು ಕೊಲ್ಲಿರಿ” ಎಂದಿದೆ. ಕೆಂಪು ಶಾಯಿಯ ಲೇಖನಿ ಮತ್ತೆ ನಮ್ಮ ಕೈಗೆ ಬಂದಿದೆ; ಏಳು ಪುಟ ತಿದ್ದಿ ಮುಗಿಯಿತು.