ಸೀಮೆಯ ಬಾನುಲಿಗೆ ಸ್ವಂತ ಹೊತ್ತು ಬೇಕು

1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾದಾಗ ನಮ್ಮ ಭಾಗದ ತಡಸ, ಶಿಗ್ಗಾವಿ, ಹಾನಗಲ್ಲಗಳೆಲ್ಲ ಮುಂಬೈ ಪ್ರಾಂತದಲ್ಲಿದ್ದವು. ಏಕೀಕರಣಕ್ಕೆ ಇನ್ನೂ ಹೆಚ್ಚುಕಡಿಮೆ ಏಳು ವರ್ಷ ಬಾಕಿ ಇತ್ತು. ಕನ್ನಡದ ರಾಜ್ಯ ಆಗುವ ಮೊದಲೇ ಈ ಭಾಗದ ಜನ ತಮ್ಮ ಮಾತನ್ನು ಬಾನುಲಿಯಲ್ಲಿ ಕೇಳಿದರು. ನಿಲಯದ ಮುಂದಿನ ಬದಲಾವಣೆಗಳನ್ನೆಲ್ಲ ಅಳೆಯಬೇಕಾದದ್ದು ಇದೇ ಅಳತೆಯಿಂದ: ಈ ಸೀಮೆ ಅದರಲ್ಲಿ ಎಷ್ಟು ಮಾತಾಡಿತು?

ಮೊದಲ ದಶಕಗಳ ಉತ್ತರ ಹೆಮ್ಮೆ ಪಡುವಂಥದ್ದು. ಬೇಂದ್ರೆಯವರು ಸಾಹಿತ್ಯ ಸಲಹೆಗಾರರಾಗಿದ್ದರು, ಮಲ್ಲಿಕಾರ್ಜುನ ಮನಸೂರರು ಸಂಗೀತ ಸಲಹೆಗಾರರಾಗಿದ್ದರು. ಎನ್ಕೆ ಕುಲಕರ್ಣಿಯವರಂಥವರು ಬಾನುಲಿ ನಾಟಕಕ್ಕೆ ದುಡಿದರು. ಪರದೆ, ವೇಷ, ಬೆಳಕು ಯಾವುದೂ ಇಲ್ಲದ ಆ ರಂಗದಲ್ಲಿ ಪಾತ್ರ ನಿಲ್ಲುವುದು ಮಾತಿನ ಧಾಟಿಯ ಮೇಲೆ. ಧಾರವಾಡದ ಆಡುಮಾತಿಗೆ ಅಲ್ಲಿ ಸಿಕ್ಕ ಮರ್ಯಾದೆ ಸಣ್ಣದಲ್ಲ. ಶಿಶುನಾಳ ಷರೀಫರ ಊರು ಶಿಗ್ಗಾವಿ ತಾಲ್ಲೂಕಿನದೇ. ಗುಡಿಕಟ್ಟೆಯ ಮೇಲೆ ಏಕತಾರಿ, ದಮ್ಮಡಿ ಹಿಡಿದು ಅವರ ತತ್ವಪದ ಹಾಡುವವರೂ ಬಾನುಲಿಯ ಕಲಾವಿದರಾಗಬಹುದು ಎಂಬ ನಂಬಿಕೆ ಬಂದದ್ದು ಇಂಥ ನಿಲಯದಿಂದ.

ವಿವಿಧ ಭಾರತಿ ಬಂದ ಮೇಲೆ ಚಿತ್ರಗೀತೆಗೆ ಬೇರೆಯದೇ ವಾಹಿನಿ ಆಯಿತು. ಫೋನ್-ಇನ್ ಕಾರ್ಯಕ್ರಮಗಳು ಕೇಳುಗರನ್ನೇ ಮಾತಿಗೆ ಎಳೆದವು. ಇದನ್ನು ಅಗ್ಗದ ಜನಪ್ರಿಯತೆ ಎಂದು ತಳ್ಳಿಹಾಕುವವರ ಮಾತು ನನಗೆ ಒಪ್ಪಿಗೆಯಿಲ್ಲ. ಪತ್ರ ಬರೆಯಲು ಬಾರದ ಹೆಣ್ಣುಮಗಳೊಬ್ಬಳು ತನ್ನ ಊರು, ತನ್ನ ಮೆಚ್ಚಿನ ಹಾಡು ಹೇಳಿದರೆ ಬಾನುಲಿಯ ಘನತೆ ಕುಗ್ಗುವುದಿಲ್ಲ.

ಕುಗ್ಗುವುದು ಸ್ಥಳೀಯ ಹೊತ್ತು ಕಡಿಮೆಯಾಗಿ, ಬೇರೆ ಕಡೆಯ ಸಹಪ್ರಸಾರ ಆ ಜಾಗ ತುಂಬಿದಾಗ. ಕೃಷಿ ಕಾರ್ಯಕ್ರಮವನ್ನೇ ನೋಡಿ. ಹಾನಗಲ್ಲ ಅರೆಮಲೆನಾಡು, ಭತ್ತದ ನೆಲ; ಸವಣೂರ ಕಡೆಗೆ ಸರಿದಂತೆ ಮಳೆ ಇಳಿಯುತ್ತದೆ, ಬಯಲುಸೀಮೆ ಶುರುವಾಗುತ್ತದೆ. ಇಷ್ಟು ಸಮೀಪದ ತಾಲ್ಲೂಕುಗಳಿಗೇ ಒಂದೇ ಸಲಹೆ ಸಾಲದು. 2018ರಲ್ಲಿ ಗೋವಿನಜೋಳಕ್ಕೆ ಹೊಸ ಸೈನಿಕ ಹುಳು ಬಿತ್ತು. ಅದು ಸುಳಿಯೊಳಗೆ ಸೇರಿ ಲದ್ದಿ ತುಂಬುತ್ತದೆ. ಮರಿಹುಳು ಸಣ್ಣದಿರುವಾಗಲೇ ಸುಳಿಗೆ ಔಷಧ ಬೀಳಬೇಕು. ಯಾವ ಊರಲ್ಲಿ ಬಿತ್ತನೆ ಯಾವಾಗ ಆಗಿದೆ ಎಂದು ಬಲ್ಲವರು ಹೇಳಿದರೆ ಮಾತ್ರ ಆ ಮಾತು ಬೆಳೆ ಉಳಿಸುತ್ತದೆ. ವಾರ ತಡವಾಗಿ ಬಂದ ಸಲಹೆಯಿಂದ ರೈತನಿಗೆ ಏನೂ ಪ್ರಯೋಜನವಿಲ್ಲ.

ಸಮುದಾಯ ಬಾನುಲಿ ಇದೆಯಲ್ಲ ಎನ್ನಬಹುದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ 2007ರಲ್ಲೇ ಅಂಥ ಕೇಂದ್ರ ತೆರೆದದ್ದು ಒಳ್ಳೆಯ ಕೆಲಸ. ಆದರೆ ಇಂಥ ಕೇಂದ್ರಗಳ ಹರವು ಹತ್ತು-ಹದಿನೈದು ಕಿಲೋಮೀಟರ್ ಅಷ್ಟೇ. ತಡಸದವರೆಗೆ ಬಂದು ಮುಟ್ಟುವುದು ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್‌ನ, 200 ಕಿಲೋವಾಟ್‌ ಪ್ರೇಷಕದ ಶಕ್ತಿ. ಮೊಬೈಲ್ ಆ್ಯಪ್ ನಿಲಯದ ದನಿಯನ್ನು ಅಮೆರಿಕದವರೆಗೂ ಒಯ್ಯುತ್ತದೆ. ಆದರೆ ಒಯ್ಯಲು ಇಲ್ಲಿಯದೇ ಕಾರ್ಯಕ್ರಮ ಇರಬೇಕು.

ಆದ್ದರಿಂದ ನಿಲಯಕ್ಕೆ ಬೇಕಾದದ್ದು ಹೊಸ ಹೆಸರು, ಹೊಸ ಶೀರ್ಷಿಕೆ ಸಂಗೀತ ಅಲ್ಲ. ತಾಲ್ಲೂಕುಗಳಿಗೆ ಹೋಗಿ ಧ್ವನಿಮುದ್ರಿಸುವ ಸಿಬ್ಬಂದಿ ಬೇಕು, ಹಳೆಯ ಮುದ್ರಿಕೆಗಳು ಜನರಿಗೆ ಸಿಗಬೇಕು, ಬೆಳಿಗ್ಗೆ-ಸಂಜೆಯ ಸ್ಥಳೀಯ ಹೊತ್ತಿಗೆ ಯಾರೂ ಕೈ ಹಾಕಬಾರದು. ಇಷ್ಟನ್ನು ಪಟ್ಟು ಹಿಡಿದು ಕೇಳುವ ಹಕ್ಕು ನಮ್ಮ ಭಾಗದ ಕೇಳುಗರಿಗಿದೆ.